ಗೀಸರ್‌ಗೆ ಕಂಪನಿ ಹಾಕಿದ ರಿಲೇ: ಕೆಲವು ದಿನ ಬಿಸಿನೀರು, ಕೆಲವು ದಿನ ಇಲ್ಲ. ಎಲ್ಲಿಂದ ಹುಡುಕಲಿ?

ತಣ್ಣೀರು_ಸ್ನಾನ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 180 ಲೀಟರಿನ ಎಲೆಕ್ಟ್ರಿಕ್ ಗೀಸರ್ ಇದೆ. 230 ವೋಲ್ಟ್, 3 ಕಿಲೋವ್ಯಾಟ್, ಒಂದೇ ಎಲಿಮೆಂಟ್ (ನೀರು ಕಾಯಿಸುವ ಸುರುಳಿ). ರಾತ್ರಿ ದರ ಕಡಿಮೆ ಅಂತ ಅದನ್ನು ವಿದ್ಯುತ್ ಕಂಪನಿಯ ರಿಲೇ (ಅವರು ದೂರದಿಂದಲೇ ಆನ್, ಆಫ್ ಮಾಡುವ ಸ್ವಿಚ್ಚು) ಮೂಲಕ ಹಾಕಿಸಿಕೊಂಡಿದ್ದೇವೆ. ಮೀಟರ್ ಪಕ್ಕ ಸೀಲ್ ಮಾಡಿದ ಸಣ್ಣ ಪೆಟ್ಟಿಗೆ. ರಾತ್ರಿ ಕಂಪನಿಯವರ ಸಂಕೇತ ಬಂದಾಗ ಒಳಗೆ 'ಟಕ್' ಅನ್ನುತ್ತದೆ, ಹಸಿರು ದೀಪ ಹತ್ತುತ್ತದೆ. ಬೆಳಗ್ಗೆ ಇನ್ನೊಂದು 'ಟಕ್', ದೀಪ ಆರುತ್ತದೆ.

ಈಚೆಗೆ ಕೆಲವು ದಿನ ನೀರು ಚೆನ್ನಾಗಿ ಕಾದಿರುತ್ತದೆ, ಕೆಲವು ದಿನ ಬರೀ ಉಗುರುಬೆಚ್ಚಗೆ. ದೀಪ ಮಾತ್ರ ರಾತ್ರಿಯಿಡೀ ಹತ್ತಿಯೇ ಇರುತ್ತದೆ. ಕೊಳಾಯಿ ರಿಪೇರಿಯವರು 'ಎಲಿಮೆಂಟ್ ಹೋಗಿದೆ' ಅಂದರು. ಎಲೆಕ್ಟ್ರಿಷಿಯನ್ 'ರಿಲೇ ಹೋಗಿದೆ' ಅಂದರು. ಕಂಪನಿಗೆ ಫೋನ್ ಮಾಡಿದರೆ 'ನಮ್ಮ ಸಂಕೇತ ಸರಿಯಾಗಿಯೇ ಹೋಗುತ್ತಿದೆ' ಅಂತ ಒಂದೇ ಮಾತು. ಎತ್ತು ಏರಿಗೆ, ಕೋಣ ನೀರಿಗೆ. ಯಾರಿಗಾದರೂ ದುಡ್ಡು ಕೊಡುವ ಮೊದಲು ನಾನೇ ಏನು ನೋಡಬಹುದು? ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ.

ನೇರ_ತಂತಿ
ರಿಲೇ ಬೈಪಾಸ್ ಮಾಡಿ. ಒಂದು ತುಂಡು ತಂತಿ ಸಾಕು. ಮುಗೀತು.

ಸುಟ್ಟ_ಫ್ಯೂಸ್
ಮೇಲಿನವರ ಮಾತು ಕೇಳಬೇಡಿ. ಪೆಟ್ಟಿಗೆ ಕಂಪನಿಯ ಆಸ್ತಿ, ಅದಕ್ಕೇ ಸೀಲ್ ಇರುವುದು. ಸೀಲ್ ಒಡೆದು ಕಡಿಮೆ ದರದ ಲೈನಿನಲ್ಲಿ ಹಗಲೂ ರಾತ್ರಿ ಗೀಸರ್ ಓಡಿಸಿದರೆ ಅದಕ್ಕೆ ವಿದ್ಯುತ್ ಕಳ್ಳತನ ಅಂತಲೇ ಹೆಸರು. ಮೇಲಾಗಿ ಹೆಚ್ಚಿನ ಕಡೆ ಆ ಪೆಟ್ಟಿಗೆಯೊಳಗೆ ರಿಲೇಗೆ ಬರುವ ತಂತಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಜೀವಂತ ಇರುತ್ತದೆ. ಅಲ್ಲಿಗೆ ಸ್ಕ್ರೂಡ್ರೈವರ್ ಹಾಕುವ ಕೆಲಸ ನಮ್ಮದಲ್ಲ.

ನೇರ_ತಂತಿ
ಹೆದರಿಸಬೇಡಿ ಸಾರ್, ಸುಮ್ನೆ ಒಂದು ದಾರಿ ಹೇಳಿದೆ.

ಓಮ್_ನಿಯಮ
ಮೂಲ ಪ್ರಶ್ನೆಗೆ ಬರೋಣ. ಆ ಹಸಿರು ದೀಪವನ್ನು ನಂಬಬೇಡಿ. ಅದು ಹೇಳುವುದು 'ಆನ್ ಆಗು ಅಂತ ನನಗೆ ಆಜ್ಞೆ ಬಂದಿದೆ' ಅಂತ ಅಷ್ಟೇ. ಒಳಗಿನ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಲೋಹದ ತುಂಡುಗಳು) ನಿಜವಾಗಿ ಕೂಡಿದೆಯೋ, ಅದರ ಮೂಲಕ 13 ಆಂಪಿಯರ್ ಹರಿಯುತ್ತಿದೆಯೋ, ಅದಕ್ಕೆ ಗೊತ್ತಿಲ್ಲ. 'ಟಕ್' ಶಬ್ದವೂ ಹಾಗೇ. ರಿಲೇಯ ಕಾಯಿಲ್, ಅಂದರೆ ಒಳಗಿನ ವಿದ್ಯುತ್ ಅಯಸ್ಕಾಂತ, ಎಳೆದಿದೆ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ.

ಕಂಪನಿಯವರ ಉತ್ತರವೂ ಅದೇ ಜಾತಿಯದು. ಹಳೇ ರಿಪಲ್ ಪದ್ಧತಿ ಆದರೆ ಸಂಕೇತ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ನಿಮ್ಮ ಪೆಟ್ಟಿಗೆಗೆ ಅದು ತಲುಪಿತೋ ಇಲ್ಲವೋ ಅಂತ ವಾಪಸ್ ಹೇಳುವ ವ್ಯವಸ್ಥೆಯೇ ಇರುವುದಿಲ್ಲ. ಅವರು 'ಕಳಿಸಿದ್ದೇವೆ' ಅನ್ನಬಹುದು, ಅದಕ್ಕಿಂತ ಜಾಸ್ತಿ ಏನೂ ಹೇಳಲಾರರು.

ನಿಮ್ಮಲ್ಲಿ ದೀಪ ಹತ್ತುತ್ತಿದೆ, ಅಂದರೆ ಸಂಕೇತ ಬರುತ್ತಿದೆ. ಹಾಗಾಗಿ ಆ ಬಾಗಿಲು ಮುಚ್ಚೋಣ. ಉಳಿದದ್ದು ಮೂರು ಜಾಗ: ರಿಲೇಯ ಕಾಂಟ್ಯಾಕ್ಟ್, ಮಧ್ಯದ ಸ್ವಿಚ್ಚು ಮತ್ತು ತಂತಿ, ಗೀಸರ್ ಒಳಗಿನ ಥರ್ಮೋಸ್ಟಾಟ್ (ನೀರು ಕಾದ ಮೇಲೆ ಕರೆಂಟ್ ಕಡಿಯುವ ಭಾಗ) ಹಾಗೂ ಎಲಿಮೆಂಟ್.

ಕೊಳಾಯಿ_ಕಥೆ
ಎಲಿಮೆಂಟ್ ಅಲ್ಲ ಬಿಡಿ. ಎಲಿಮೆಂಟ್ ಸತ್ತರೆ ಸತ್ತ ಹಾಗೇ. ಒಂದು ದಿನ ಸತ್ತು ಮರುದಿನ ಎದ್ದು ಬರುವುದಿಲ್ಲ.

ಓಮ್_ನಿಯಮ
ಹೆಚ್ಚಾಗಿ ಸರಿ, ಪೂರ್ತಿ ಸರಿ ಅಲ್ಲ. ಒಳಗಿನ ತಂತಿ ಬಿರುಕು ಬಿಟ್ಟಿದ್ದರೆ ತಣ್ಣಗಿರುವಾಗ ತಾಗಿಕೊಂಡು, ಕಾದಾಗ ಬಿಟ್ಟುಕೊಳ್ಳುವುದು ಉಂಟು. ಅಪರೂಪ. ಹಾಗೆ ಆದರೂ ಬಹಳ ದಿನ ಬಾಳುವುದಿಲ್ಲ.

ಪರೀಕ್ಷೆ ಸುಲಭ. ಗೀಸರ್‌ನ ಬ್ರೇಕರ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಮೀಟರಿನಿಂದ ಖಾತ್ರಿ ಮಾಡಿಕೊಂಡು, ಎಲಿಮೆಂಟಿನ ಎರಡೂ ತಂತಿ ಬಿಚ್ಚಿ ಓಮ್ ಅಳೆಯಿರಿ. 230ರ ವರ್ಗವನ್ನು 3000ದಿಂದ ಭಾಗಿಸಿದರೆ 17.6. ಹದಿನೇಳು, ಹದಿನೆಂಟರ ಹತ್ತಿರ ಬಂದರೆ ಎಲಿಮೆಂಟ್ ಚೆನ್ನಾಗಿದೆ. ಒಂದು ತುದಿಯಿಂದ ಟ್ಯಾಂಕಿನ ಲೋಹಕ್ಕೂ ಅಳೆಯಿರಿ, ಅಲ್ಲಿ ಏನೂ ತೋರಿಸಬಾರದು.

ಪ್ರಶ್ನಾರ್ಥಕ
ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಸುರಕ್ಷತೆಯ ಕಟ್ ಇರುತ್ತದಲ್ಲ, ಕೆಂಪು ಗುಂಡಿ? ಅದು ಹಾರುತ್ತಿರಬಹುದಾ?

ಕೊಳಾಯಿ_ಕಥೆ
ಅದು ಹಾರಿದರೆ ಕೈಯಿಂದ ಒತ್ತಬೇಕು, ತಾನಾಗಿ ಕೂರುವುದಿಲ್ಲ. ಇವರು ಒತ್ತಿಲ್ಲ, ಆದರೂ ಮಧ್ಯೆ ಮಧ್ಯೆ ಬಿಸಿನೀರು ಬರುತ್ತಿದೆ. ಹಾಗಾಗಿ ಅದಲ್ಲ.

ಮಿಣುಕು_ದೀಪ
ಪೆಟ್ಟಿಗೆ ಮುಟ್ಟದೆ, ಯಾವ ಸ್ಕ್ರೂ ಬಿಚ್ಚದೆ ಅರ್ಧ ಉತ್ತರ ಸಿಗುವ ದಾರಿ ಇದೆ. ಎಲೆಕ್ಟ್ರಾನಿಕ್ ಮೀಟರ್ ಮೇಲೆ ಕೆಂಪಗೆ ಮಿಣುಕುವ ಸಣ್ಣ ದೀಪ ಇರುತ್ತದಲ್ಲ, ಅದರ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 1000 ಅಂತ ಇದ್ದರೆ 3 ಕಿಲೋವ್ಯಾಟ್ ಗೀಸರ್ ಒಂದೇ ನಿಮಿಷಕ್ಕೆ 50 ಸಲ ಮಿಣುಕಿಸುತ್ತದೆ. 3200 ಅಂತ ಇದ್ದರೆ 160, ಎಣಿಸುವುದು ಕಷ್ಟ, ಫೋನಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ನೋಡಿ.

ಹಸಿರು ದೀಪ ಹತ್ತಿದ ಮೇಲೆ ಆಗಾಗ ಎಣಿಸಿ. ಮಿಣುಕು ಎಷ್ಟು ಹೊತ್ತು ಜೋರಾಗಿತ್ತು, ಯಾವಾಗ ಇಳಿಯಿತು, ಅದರಿಂದ ಬಹಳ ವಿಷಯ ತಿಳಿಯುತ್ತದೆ. ಗೀಸರ್‌ಗೆ ಬೇರೆ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಹಬೆ_ಯಂತ್ರ
ಎಷ್ಟು ಹೊತ್ತು ಜೋರಾಗಿರಬೇಕು ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ. ಒಂದು ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 4.19 ಕಿಲೋಜೂಲ್. 180 ಲೀಟರನ್ನು 20ರಿಂದ 60 ಡಿಗ್ರಿಗೆ ತರಲು ಹತ್ತಿರಹತ್ತಿರ 8.4 ಯೂನಿಟ್ ಬೇಕು. 3 ಕಿಲೋವ್ಯಾಟ್‌ನಲ್ಲಿ ಅದಕ್ಕೆ 2 ಗಂಟೆ 50 ನಿಮಿಷ. ಪೂರ್ತಿ ತಣ್ಣಗಿರುವ ಟ್ಯಾಂಕಿನ ಲೆಕ್ಕ ಇದು. ಅರ್ಧ ನೀರು ಬಳಸಿದ್ದರೆ ಹೆಚ್ಚುಕಡಿಮೆ ಅರ್ಧ ಹೊತ್ತು ಸಾಕು.

ತಣ್ಣೀರು_ಸ್ನಾನ
ಎಲ್ಲರಿಗೂ ಥ್ಯಾಂಕ್ಸ್. ಎಲಿಮೆಂಟ್ 17.9 ಓಮ್ ತೋರಿಸಿತು, ಟ್ಯಾಂಕಿಗೆ ಏನೂ ಇಲ್ಲ. ಮೀಟರ್ ಮೇಲೆ 1000 ಅಂತಲೇ ಇದೆ, ರಾತ್ರಿ ಎಣಿಸುತ್ತೇನೆ.

ಇನ್ನೊಂದು ವಿಚಿತ್ರ. ಹಗಲಲ್ಲಿ ರಿಲೇ ಆಫ್ ಇರುವಾಗ ಗೀಸರ್ ಪಕ್ಕದ ಸ್ವಿಚ್ಚನ್ನೂ ಆಫ್ ಮಾಡಿ, ಅದಕ್ಕೆ ಬರುವ ತಂತಿಯಲ್ಲಿ ಅಳೆದೆ. 90 ವೋಲ್ಟ್ ಬಂತು! ಆಫ್ ಅಂದರೆ ಸೊನ್ನೆ ಇರಬೇಕಲ್ವಾ? ರಿಲೇ ಸೋರುತ್ತಿದೆಯಾ?

ನೇರ_ತಂತಿ
ನೋಡಿ, ರಿಲೇ ಹೋಗಿದೆ ಅಂತ ಆಗಲೇ ಹೇಳಿದೆ. ಅರ್ಧ ವೋಲ್ಟೇಜ್ ಬಿಡುತ್ತಿದೆ.

ಓಮ್_ನಿಯಮ
ಇಲ್ಲ ಸ್ವಾಮಿ. ಇದು ದೆವ್ವದ ವೋಲ್ಟೇಜ್. ರಿಲೇ ಆಫ್, ಈ ಕಡೆ ಸ್ವಿಚ್ಚೂ ಆಫ್. ಅಂದರೆ ಆ ತಂತಿ ಎರಡೂ ತುದಿಯಲ್ಲಿ ಯಾವುದಕ್ಕೂ ಸೇರಿಲ್ಲ, ಅನಾಥ. ಅದೇ ಪೈಪಿನಲ್ಲಿ ಪಕ್ಕದಲ್ಲೇ ಬೇರೆ ಜೀವಂತ ತಂತಿ ಹೋಗುತ್ತಿದ್ದರೆ ಅದರಿಂದ ಇದಕ್ಕೆ ಒಂದಿಷ್ಟು ವೋಲ್ಟೇಜ್ ಅಂಟಿಕೊಳ್ಳುತ್ತದೆ. ಡಿಜಿಟಲ್ ಮಲ್ಟಿಮೀಟರಿನ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್. ಅದು ಏನನ್ನೂ ಎಳೆಯುವುದಿಲ್ಲ, ಹಾಗಾಗಿ ಈ ಸುಳ್ಳು ವೋಲ್ಟೇಜೂ ಕಾಣಿಸುತ್ತದೆ. ಸ್ವಿಚ್ ಆನ್ ಮಾಡಿ ಗೀಸರ್ ಸೇರಿಸಿ ನೋಡಿ, ನೀರು ತಣ್ಣಗಿದ್ದು ಥರ್ಮೋಸ್ಟಾಟ್ ಕೂಡಿದ್ದರೆ ಆ 90 ಮಾಯವಾಗುತ್ತದೆ.

ಇಡೀ ವಿಷಯದ ಕೀಲಿಯೂ ಇಲ್ಲೇ ಇದೆ. ಲೋಡ್ ಇಲ್ಲದೆ, ಅಂದರೆ ಯಾವ ಯಂತ್ರವೂ ಕರೆಂಟ್ ಎಳೆಯದಿರುವಾಗ, ಅಳೆದ ವೋಲ್ಟೇಜ್ ಏನನ್ನೂ ಸಾಬೀತು ಮಾಡುವುದಿಲ್ಲ. ಕಾಂಟ್ಯಾಕ್ಟ್ ಅರ್ಧ ಸುಟ್ಟಿದ್ದರೂ ಲೋಡ್ ಇಲ್ಲದಾಗ ಪೂರ್ತಿ 230 ತೋರಿಸುತ್ತದೆ. ಗೀಸರ್ ಕರೆಂಟ್ ಕೇಳುತ್ತಿರುವ ಹೊತ್ತಿನಲ್ಲೇ ಅಳೆಯಬೇಕು.

ಪ್ರಶ್ನಾರ್ಥಕ
ಕೇಳುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಓಮ್_ನಿಯಮ
ಸಂಜೆ ನಾಲ್ಕಾರು ಬಕೆಟ್ ಬಿಸಿನೀರು ಬಿಟ್ಟು ಟ್ಯಾಂಕ್ ತಣ್ಣಗೆ ಮಾಡಿ. ಆಮೇಲೆ ರಿಲೇ ಆನ್ ಆದಾಗ ಥರ್ಮೋಸ್ಟಾಟ್ ಖಂಡಿತ ಕೂಡಿರುತ್ತದೆ. ಮಿಣುಕು ಜೋರಾಗಿರಬೇಕು. ನೀರು ಕಾಯುವ ಮೊದಲೇ ಮಿಣುಕು ಇಳಿದರೆ, ಆ ಕ್ಷಣಕ್ಕೆ ಗೀಸರ್‌ನ ಒಳಬರುವ ಟರ್ಮಿನಲ್‌ನಲ್ಲಿ ಅಳೆಯಿರಿ. 230 ಇದ್ದೂ ಕರೆಂಟ್ ಹರಿಯುತ್ತಿಲ್ಲ ಅಂದರೆ ತಪ್ಪು ಗೀಸರ್ ಒಳಗೆ, ಥರ್ಮೋಸ್ಟಾಟ್ ನೋಡಿ. ಸೊನ್ನೆ ಇದ್ದರೆ ತಪ್ಪು ಹಿಂದೆ. ಆಗ ಸ್ವಿಚ್ಚಿನ ಒಳಬರುವ ಕಡೆಯೂ ಒಮ್ಮೆ ಅಳೆಯಿರಿ. ಅಲ್ಲೂ ಸೊನ್ನೆ ಅಂದರೆ ರಿಲೇ ಇಲ್ಲವೇ ಅದರ ಜಾಯಿಂಟ್.

ಸುಟ್ಟ_ಫ್ಯೂಸ್
ಅಳೆಯುವಾಗ ಕಾಲಿಗೆ ರಬ್ಬರ್ ಚಪ್ಪಲಿ, ಒದ್ದೆ ನೆಲ ಬೇಡ, ಮೀಟರಿನ ಕಡ್ಡಿ ಸರಿಯಾದ ತೂತಿನಲ್ಲಿದೆಯೇ ನೋಡಿ. ಬಚ್ಚಲಲ್ಲಿ ನಿಂತುಕೊಂಡು ಈ ಕೆಲಸ ಮಾಡಬೇಡಿ. ಧೈರ್ಯ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನೇ ಕರೆದು ಇದೇ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು ಅಮೆರಿಕದಲ್ಲಿ ಇರುವವರಿಗೆ. ಅಲ್ಲಿ 240 ವೋಲ್ಟ್ ಗೀಸರ್‌ಗೆ ಎರಡು ಜೀವಂತ ತಂತಿ ಹೋಗುತ್ತವೆ. ಕಂಪನಿಯ ರಿಲೇ ಹೆಚ್ಚಾಗಿ ಒಂದನ್ನು ಮಾತ್ರ ಕಡಿಯುತ್ತದೆ. ಗೀಸರ್ ಆಫ್ ಆಗಿರುತ್ತದೆ, ಆದರೆ ಟರ್ಮಿನಲ್ ಮತ್ತು ನೆಲದ ನಡುವೆ 120 ವೋಲ್ಟ್ ಹಾಗೇ ಇರುತ್ತದೆ. ರಿಲೇ ಆಫ್ ಇದೆ ಅಂತ ಕೈ ಹಾಕಿದರೆ ಶಾಕ್. ಯಾವಾಗಲೂ ಬ್ರೇಕರ್ ಇಳಿಸಿಯೇ ಮುಚ್ಚಳ ತೆಗೆಯಿರಿ.

ಗೂಬೆ_ಕಣ್ಣು
ಅಮೆರಿಕದ ಪೆಟ್ಟಿಗೆಗಳದ್ದು ಸ್ವಭಾವವೂ ಉಲ್ಟಾ. ಅಲ್ಲಿ ರಿಲೇ ಸಾಮಾನ್ಯವಾಗಿ ಕೂಡಿಯೇ ಇರುತ್ತದೆ, ಬೇಡಿಕೆ ವಿಪರೀತ ಏರಿದಾಗ ಮಾತ್ರ ಕಂಪನಿ ಸಂಕೇತ ಕೊಟ್ಟು ಬಿಡಿಸುತ್ತದೆ. ಸಂಕೇತದ ಭಾಗ ಕೆಟ್ಟರೆ ಗೀಸರ್ ಓಡುತ್ತಲೇ ಇರುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ರಾತ್ರಿ ದರದ ಪದ್ಧತಿಯಲ್ಲಿ ಬಿಟ್ಟೇ ಇರುತ್ತದೆ, ಸಂಕೇತ ಬಂದರೆ ಕೂಡುತ್ತದೆ. ಅದು ಕೆಟ್ಟರೆ ಬೆಳಗ್ಗೆ ಇಡೀ ಮನೆಗೆ ಗೊತ್ತಾಗುತ್ತದೆ.

ಪ್ರಶ್ನಾರ್ಥಕ
ಈ ರಿಪಲ್ ಅಂದರೆ ಏನು? ಬೇರೆ ತಂತಿ ಎಳೆದಿರುತ್ತಾರಾ?

ಗೂಬೆ_ಕಣ್ಣು
ಬೇರೆ ತಂತಿ ಇಲ್ಲ, ಅದೇ ಅದರ ಸೊಗಸು. ಮನೆಗೆ ಬರುವ 50 ಹರ್ಟ್ಸ್ ಕರೆಂಟಿನ ಮೇಲೆಯೇ ಇನ್ನೊಂದು ಸಣ್ಣ ಅಲೆ ಹತ್ತಿಸುತ್ತಾರೆ, ಕೆಲವೇ ವೋಲ್ಟಿನದು. ಫ್ರಾನ್ಸ್‌ನಲ್ಲಿ ಅದು 175 ಹರ್ಟ್ಸ್, ನ್ಯೂಜಿಲೆಂಡ್‌ನ ಬಹಳ ಕಡೆ 317. ಆ ಅಲೆಯನ್ನು ಬಿಟ್ಟು ಬಿಟ್ಟು ಕಳಿಸಿದರೆ ಒಂದು ಸಂದೇಶ ಆಗುತ್ತದೆ. ಪ್ರತಿ ಪೆಟ್ಟಿಗೆಯೂ ತನ್ನ ಗುಂಪಿನ ಸಂದೇಶ ಬಂದರೆ ಮಾತ್ರ 'ಟಕ್' ಅನ್ನುತ್ತದೆ. ನ್ಯೂಜಿಲೆಂಡ್‌ನಲ್ಲಿ ಗೀಸರ್‌ಗಳನ್ನು 1950ರ ದಶಕದಿಂದಲೂ ಹೀಗೆ ಆಳುತ್ತಿದ್ದಾರೆ.

ಬ್ರಿಟನ್ನಿನದು ಇನ್ನೂ ಮಜಾ. ಅಲ್ಲಿ ಬಿಬಿಸಿಯ 198 ಕಿಲೋಹರ್ಟ್ಸ್ ಲಾಂಗ್‌ವೇವ್ ರೇಡಿಯೊ ಅಲೆಯ ಮೇಲೆ ಗೀಸರ್ ಸಂಕೇತ ಹತ್ತಿಸಿ ಕಳಿಸುತ್ತಿದ್ದರು. ಜನ ವಾರ್ತೆ ಕೇಳುತ್ತಿದ್ದರೆ ಅದೇ ಅಲೆ ಪಕ್ಕದ ಮನೆಯ ನೀರು ಕಾಯಿಸುತ್ತಿತ್ತು. 2025ರ ಮಧ್ಯದಿಂದ ಅದನ್ನು ಹಂತಹಂತವಾಗಿ ನಿಲ್ಲಿಸಲು ಶುರು ಮಾಡಿದರು.

ಕೊಳಾಯಿ_ಕಥೆ
ಅದಕ್ಕೇನಾ ರಾತ್ರಿ ಒಂದು ಹೊತ್ತಿಗೆ ಸರಿಯಾಗಿ ನಮ್ಮ ಫ್ಯಾನ್ 'ಊಂ ಊಂ' ಅಂತ ತಡೆದು ತಡೆದು ಗುನುಗುವುದು? ಇಷ್ಟು ದಿನ ಬೇರಿಂಗ್ ಅಂದುಕೊಂಡಿದ್ದೆ.

ಗೂಬೆ_ಕಣ್ಣು
ರಿಪಲ್ ಇರುವ ಊರಾದರೆ ಅದೇ. ಕೆಲವು ಫ್ಯಾನು, ಸ್ಪೀಕರು, ಡಿಮ್ಮರ್ ಹಾಕಿದ ದೀಪ ಆ ಸಂದೇಶಕ್ಕೆ ದನಿಗೂಡಿಸುತ್ತವೆ. ಸಂದೇಶ ಮುಗಿದ ಕೂಡಲೇ ಸುಮ್ಮನಾಗುತ್ತವೆ.

ಹಬೆ_ಯಂತ್ರ
ಇದರ ಉಲ್ಟಾ ತೊಂದರೆಯೂ ಇದೆ. ಸೋಲಾರ್ ಇನ್ವರ್ಟರ್, ಯುಪಿಎಸ್, ದೊಡ್ಡ ಕೆಪಾಸಿಟರ್ ಇರುವ ಯಂತ್ರಗಳು ಆ ಸಣ್ಣ ಅಲೆಯನ್ನು ನುಂಗಿಬಿಡಬಹುದು. ಅಂಥ ಮನೆಗಳಲ್ಲಿ ಕೆಲವು ರಾತ್ರಿ ಪೆಟ್ಟಿಗೆಗೆ ಸಂದೇಶ ಕೇಳುವುದೇ ಇಲ್ಲ. ಇವರ ಕೇಸಿನಲ್ಲಿ ದೀಪ ಹತ್ತುತ್ತಿದೆ, ಹಾಗಾಗಿ ಇದಲ್ಲ. ಬೇರೆ ಯಾರಿಗಾದರೂ ದೀಪವೇ ಹತ್ತದಿದ್ದರೆ ಆಗ ನೆನಪಿಸಿಕೊಳ್ಳಿ.

ಪ್ರಶ್ನಾರ್ಥಕ
ಎಲ್ಲ ಸರಿ, ನನ್ನ ದುಡ್ಡಿನ ಗೀಸರ್‌ನ ಸ್ವಿಚ್ಚು ಕಂಪನಿ ಕೈಯಲ್ಲಿ ಯಾಕಿರಬೇಕು? ಅವರಿಗೆ ಬೇಕಾದಾಗ ನಾನು ಸ್ನಾನ ಮಾಡಬೇಕಾ?

ಹಬೆ_ಯಂತ್ರ
ಸ್ನಾನ ನಿಮಗೆ ಬೇಕಾದಾಗಲೇ. ನೀರು ಕಾಯುವುದು ಮಾತ್ರ ಅವರಿಗೆ ಬೇಕಾದಾಗ. ಒಳ್ಳೆಯ ಟ್ಯಾಂಕ್ ರಾತ್ರಿ ಕಾದ ನೀರನ್ನು ಮರುದಿನದವರೆಗೂ ಬಿಸಿಯಾಗಿ ಇಡುತ್ತದೆ. ಒಂದು ಲಕ್ಷ ಮನೆಯ 3 ಕಿಲೋವ್ಯಾಟ್ ಗೀಸರ್‌ಗಳು ಒಟ್ಟಿಗೆ ಆನ್ ಆದರೆ 300 ಮೆಗಾವ್ಯಾಟ್. ಸಂಜೆ ಎಲ್ಲರೂ ದೀಪ, ಒಲೆ ಹಚ್ಚಿದ ಹೊತ್ತಲ್ಲಿ ಅಷ್ಟು ಬೇಡಿಕೆಯನ್ನು ಒಂದು ಸಂಕೇತದಿಂದ ಪಕ್ಕಕ್ಕೆ ಸರಿಸಬಹುದು ಅಂದರೆ ಅದು ಒಂದು ವಿದ್ಯುತ್ ಸ್ಥಾವರ ಕಟ್ಟುವುದನ್ನು ತಪ್ಪಿಸಿದ ಹಾಗೆ. ಅದರ ಪಾಲು ನಿಮಗೆ ಕಡಿಮೆ ದರವಾಗಿ ಬರುತ್ತದೆ.

ಪ್ರಶ್ನಾರ್ಥಕ
ಪಾಲು ಎಷ್ಟು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ, ಅದೇ ನನ್ನ ತಕರಾರು. ದರದ ವ್ಯತ್ಯಾಸ ಚಿಕ್ಕದಾದರೆ ಈ ಪೆಟ್ಟಿಗೆಯ ತಲೆನೋವು ಯಾಕೆ? ಸಾಮಾನ್ಯ ದರಕ್ಕೆ ಹೋಗಿ ಟೈಮರ್ ಹಾಕಿಕೊಂಡರೆ ಆಯ್ತು.

ಸುಟ್ಟ_ಫ್ಯೂಸ್
ಅದೂ ಒಂದು ದಾರಿಯೇ, ಯಾರೂ ಬೇಡ ಅಂದಿಲ್ಲ. ಅರ್ಜಿ ಕೊಟ್ಟು ಬದಲಿಸಿಕೊಳ್ಳಿ. ಸೀಲ್ ಒಡೆದು ಬದಲಿಸಿಕೊಳ್ಳಬೇಡಿ ಅಂದದ್ದು ಅಷ್ಟೇ.

ತಣ್ಣೀರು_ಸ್ನಾನ
ಫಲಿತಾಂಶ ಇಲ್ಲಿದೆ. ಓಮ್_ನಿಯಮ ಹೇಳಿದ ಹಾಗೆ ಸಂಜೆಯೇ ಬಿಸಿನೀರೆಲ್ಲ ಬಿಟ್ಟೆ. ರಾತ್ರಿ 'ಟಕ್' ಆಯಿತು, ಮಿಣುಕು ನಿಮಿಷಕ್ಕೆ 50 ದಾಟಿತು. ಸುಮಾರು ಅರ್ಧ ಗಂಟೆ ಹಾಗೇ ಇತ್ತು. ಆಮೇಲೆ ಥಟ್ಟನೆ ಇಳಿದು ಫ್ರಿಜ್ ಲೆಕ್ಕಕ್ಕೆ ಬಂತು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಗೀಸರ್ ಟರ್ಮಿನಲ್‌ನಲ್ಲಿ ಸೊನ್ನೆ. ಸ್ವಿಚ್ಚಿನ ಒಳಬರುವ ಕಡೆಯೂ ಸೊನ್ನೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಾನಾಗಿಯೇ ಮತ್ತೆ ಮಿಣುಕು ಜೋರಾಯಿತು! ಹೀಗೇ ಬಂದು ಹೋಗಿ ಮಾಡುತ್ತಿದೆ. ರಿಲೇ ಪೆಟ್ಟಿಗೆಯ ಕೆಳಭಾಗ ಮುಟ್ಟಿದರೆ ಬಿಸಿ.

ಸುಟ್ಟ_ಫ್ಯೂಸ್
ಬಿಸಿ ಅಂದರೆ ಎಷ್ಟು? ಬಣ್ಣ ಬದಲಾಗಿದೆಯಾ? ವಾಸನೆ?

ತಣ್ಣೀರು_ಸ್ನಾನ
ಕೈ ಇಡಬಹುದು, ಆದರೆ ಬಹಳ ಹೊತ್ತು ಇಡಲು ಆಗುವುದಿಲ್ಲ. ತಂತಿ ಹೊರಬರುವ ಕಡೆ ಪ್ಲಾಸ್ಟಿಕ್ ಸ್ವಲ್ಪ ಕಂದು. ಹತ್ತಿರ ಹೋದರೆ ಮೀನಿನ ಥರ ವಾಸನೆ, ಇಲಿ ಸತ್ತಿರಬೇಕು ಅಂದುಕೊಂಡಿದ್ದೆವು.

ಸುಟ್ಟ_ಫ್ಯೂಸ್
ಇಲಿ ಅಲ್ಲ ಮಾರಾಯ್ರೇ, ಪ್ಲಾಸ್ಟಿಕ್ ಬೇಯುತ್ತಿದೆ! ಈಗಲೇ ಗೀಸರ್ ಬ್ರೇಕರ್ ಇಳಿಸಿ, ಪಕ್ಕದ ಸ್ವಿಚ್ಚೂ ಆಫ್ ಮಾಡಿ. ಲೋಡ್ ಇಲ್ಲದಿದ್ದರೆ ಜಾಯಿಂಟ್ ಕಾಯುವುದಿಲ್ಲ. ಸರಿಯಾಗುವವರೆಗೆ ಗೀಸರ್ ಆನ್ ಮಾಡಲೇಬೇಡಿ.

ಓಮ್_ನಿಯಮ
ಪೂರ್ತಿ ಒಪ್ಪುತ್ತೇನೆ. ಏನಾಗುತ್ತಿದೆ ಅಂದರೆ, ರಿಲೇ ಕಾಂಟ್ಯಾಕ್ಟ್ ಸವೆದಿದೆ ಅಥವಾ ತಂತಿ ಹಿಡಿದ ಸ್ಕ್ರೂ ಸಡಿಲ ಆಗಿದೆ. ಆ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಬಂದರೂ 13 ಆಂಪಿಯರ್ ಹೋಗುವಾಗ ಅಲ್ಲೇ ಸುಮಾರು 80 ವ್ಯಾಟ್ ಶಾಖ. ಬೆರಳಿನಷ್ಟು ಜಾಗದಲ್ಲಿ ಒಂದು ಹಳೇ ಕಾಲದ ಬಲ್ಬಿನ ಶಾಖ. ಕಾದಾಗ ಲೋಹ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಕರೆಂಟ್ ನಿಲ್ಲುತ್ತದೆ. ತಣಿದಾಗ ಮತ್ತೆ ತಾಗುತ್ತದೆ. ಪ್ರತಿ ಸಲವೂ ಕಿಡಿ ಹಾರಿ ಇನ್ನಷ್ಟು ಸುಡುತ್ತದೆ.

ಕೆಲವು ದಿನ ಬಿಸಿನೀರು ಸಿಗುತ್ತಿದ್ದದ್ದಕ್ಕೂ ಇದೇ ಉತ್ತರ. ನೀರು ಕಡಿಮೆ ಬಳಸಿದ ದಿನ ಇಷ್ಟು ಕುಂಟುತ್ತಾ ಬಂದ ಕರೆಂಟೇ ಸಾಕಾಗುತ್ತಿತ್ತು. ಜಾಸ್ತಿ ಬಳಸಿದ ದಿನ ಸಾಲುತ್ತಿರಲಿಲ್ಲ.

ನೇರ_ತಂತಿ
ಪೆಟ್ಟಿಗೆಗೆ ಒಂದು ಏಟು ಕೊಟ್ಟರೆ ಕೂರಲ್ವಾ? ನಮ್ಮಲ್ಲಿ ಹಾಗೆ ಮಾಡಿ ಬಹಳ ದಿನ ಓಡಿಸಿದ್ದೇವೆ.

ಓಮ್_ನಿಯಮ
ಕೂರುತ್ತದೆ. ಆಮೇಲೆ ಯಾರೂ ನೋಡದ ಹೊತ್ತಲ್ಲಿ ಮತ್ತೆ ಸುಡುತ್ತದೆ. ದಯವಿಟ್ಟು ಬೇಡ.

ಮಿಣುಕು_ದೀಪ
ಕಂಪನಿಗೆ ಫೋನ್ ಮಾಡುವಾಗ 'ನೀರು ಬಿಸಿಯಾಗುತ್ತಿಲ್ಲ' ಅನ್ನಬೇಡಿ. ಹಾಗಂದರೆ ಅವರು ಗೀಸರ್ ರಿಪೇರಿಗೆ ಹೇಳಿ ಅಂತ ಇಟ್ಟುಬಿಡುತ್ತಾರೆ. 'ನಿಮ್ಮ ಸೀಲ್ ಇರುವ ಪೆಟ್ಟಿಗೆ ಬಿಸಿಯಾಗಿದೆ, ಪ್ಲಾಸ್ಟಿಕ್ ಸುಟ್ಟಿದೆ, ವಾಸನೆ ಬರುತ್ತಿದೆ' ಅನ್ನಿ. ಫೋಟೊ ತೆಗೆದಿಡಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ದೀಪ ಹತ್ತಿದ್ದರೂ ಈಚೆ ಕಡೆ ಸೊನ್ನೆ ವೋಲ್ಟ್ ಇತ್ತು ಅನ್ನುವುದನ್ನೂ ಹೇಳಿ, ಆಗ ಫೋನ್ ತೆಗೆದವರು ಒಳಗಿನವರನ್ನು ಕೇಳಲೇಬೇಕಾಗುತ್ತದೆ.

ಕೊಳಾಯಿ_ಕಥೆ
ಅಲ್ಲಿಯವರೆಗೆ ಒಲೆ ಮೇಲೆ ಹಂಡೆ ಇಡಿ 😀

ತಣ್ಣೀರು_ಸ್ನಾನ
ಪೆಟ್ಟಿಗೆ ಬದಲಾಯಿತು. 'ಸುಟ್ಟ ವಾಸನೆ' ಅಂದ ಕೂಡಲೇ ಫೋನಿನ ಆ ಕಡೆಯ ದನಿಯೇ ಬೇರೆ ಆಯಿತು. ಬಂದವರು ಸೀಲ್ ತೆಗೆದು ತೋರಿಸಿದರು. ಹೊರಗೆ ಹೋಗುವ ತಂತಿಯ ಸ್ಕ್ರೂ ಸಡಿಲ, ತಂತಿಯ ಮೇಲ್ಹೊದಿಕೆ ಎರಡು ಇಂಚು ಕರಿದ ಹಾಗಿತ್ತು. ಕಾಂಟ್ಯಾಕ್ಟ್ ಮೇಲೂ ಗುಳಿ. ಯಾವುದು ಮೊದಲು ಕೆಟ್ಟಿತು ಅಂತ ಅವರಿಗೂ ಹೇಳಲು ಆಗಲಿಲ್ಲ. ಸುಟ್ಟ ತಂತಿ ಕತ್ತರಿಸಿ, ಹೊಸ ಪೆಟ್ಟಿಗೆ ಕೂರಿಸಿ, ಮತ್ತೆ ಸೀಲ್ ಹಾಕಿ ಹೋದರು. ದುಡ್ಡು ಕೇಳಲಿಲ್ಲ. ಈಗ ಮಿಣುಕು ಒಂದೇ ಸಮನೆ ಓಡಿ, ನೀರು ಕಾದ ಮೇಲೆ ನಿಲ್ಲುತ್ತಿದೆ.

ಒಂದು ಸಂದೇಹ. ಹಳೇ ಪೆಟ್ಟಿಗೆ ಪಕ್ಕದ ಮನೆಯದರ ಜೊತೆಗೇ 'ಟಕ್' ಅನ್ನುತ್ತಿತ್ತು. ಹೊಸದು ಕೆಲವು ನಿಮಿಷ ತಡ. ಕರೆಂಟ್ ಹೋಗಿ ಬಂದಾಗಲೂ ಸುಮ್ಮನೆ ಕೂತು ಆಮೇಲೆ ಆನ್ ಆಗುತ್ತದೆ. ಇದೂ ಕೆಟ್ಟದ್ದನ್ನೇ ಕೊಟ್ಟರಾ?

ಗೂಬೆ_ಕಣ್ಣು
ಇಲ್ಲ, ಅದು ಬೇಕೆಂದೇ ಇಟ್ಟದ್ದು. ಹೊಸ ಪೆಟ್ಟಿಗೆಗಳು ಪ್ರತಿಯೊಂದೂ ತನಗೆ ತೋಚಿದಷ್ಟು ತಡ ಮಾಡುತ್ತವೆ. ಇಲ್ಲದಿದ್ದರೆ ಕರೆಂಟ್ ವಾಪಸ್ ಬಂದ ಕ್ಷಣಕ್ಕೆ ಬೀದಿಯ ಎಲ್ಲ ತಣ್ಣನೆ ಗೀಸರ್‌ಗಳೂ ಒಟ್ಟಿಗೆ ಎಳೆದು ಮತ್ತೆ ಲೈನ್ ಟ್ರಿಪ್ ಆಗುತ್ತದೆ.

ತಣ್ಣೀರು_ಸ್ನಾನ
ಸಮಾಧಾನ ಆಯಿತು. ಇನ್ನೊಂದು: ಬಿಲ್ ಉಳಿಯಲಿ ಅಂತ ಥರ್ಮೋಸ್ಟಾಟ್ 60ರಿಂದ 45ಕ್ಕೆ ಇಳಿಸಲಾ?

ಹಬೆ_ಯಂತ್ರ
ಬೇಡ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದು ಸೇರಿದ ನೀರಿನ ಹನಿಗಳನ್ನು ಷವರ್‌ನಲ್ಲಿ ಉಸಿರಾಡಿದರೆ ನ್ಯುಮೋನಿಯಾ ಬರಬಹುದು. ಟ್ಯಾಂಕ್ 60ರಲ್ಲೇ ಇರಲಿ. ರಾತ್ರಿ ಮಾತ್ರ ಕಾಯುವ ಟ್ಯಾಂಕಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಹಗಲೆಲ್ಲ ಅದು ತಣಿಯುತ್ತಲೇ ಇರುತ್ತದೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಅದು ನಿಜ. ಮಕ್ಕಳು, ವಯಸ್ಸಾದವರು ಇದ್ದರೆ ಹೊರಹೋಗುವ ಪೈಪಿಗೆ ತಣ್ಣೀರು ಬೆರೆಸುವ ವಾಲ್ವ್ ಹಾಕಿಸಿ.

ಕೊಳಾಯಿ_ಕಥೆ
ಆ ವಾಲ್ವ್ ಕೆಟ್ಟರೂ ನೀರು ಉಗುರುಬೆಚ್ಚಗೇ ಬರುತ್ತದೆ, ಆಗ ಮತ್ತೆ ರಿಲೇ ಬೈಯಬೇಡಿ. ಟ್ಯಾಂಕಿನಿಂದ ಹೊರಬರುವ ಪೈಪ್ ಸುಡುತ್ತಿದ್ದು ನಲ್ಲಿಯಲ್ಲಿ ಮಾತ್ರ ಬೆಚ್ಚಗಿದ್ದರೆ ವಾಲ್ವ್ ನೋಡಿ.

ಪ್ರಶ್ನಾರ್ಥಕ
ಕೊನೆಯದಾಗಿ ನನ್ನದೂ ಒಂದು. ಎಲಿಮೆಂಟ್ ಗೀಸರ್ ತೆಗೆದು ಹೀಟ್ ಪಂಪ್ ಗೀಸರ್ (ಗಾಳಿಯಲ್ಲಿನ ಶಾಖ ಎಳೆದು ನೀರು ಕಾಯಿಸುವಂಥದ್ದು) ಹಾಕಿಸಬೇಕು ಅಂತಿದ್ದೇನೆ. ಅದನ್ನೂ ಇದೇ ರಿಲೇಗೆ ಕೊಡಬಹುದಾ?

ಓಮ್_ನಿಯಮ
ತಯಾರಕರ ಕೈಪಿಡಿ ನೋಡದೆ ಕೊಡಬೇಡಿ. ಎಲಿಮೆಂಟ್‌ಗೆ ಕರೆಂಟ್ ಯಾವಾಗ ಕಡಿದರೂ ಚಿಂತೆ ಇಲ್ಲ. ಹೀಟ್ ಪಂಪ್‌ನಲ್ಲಿ ಕಂಪ್ರೆಸರ್ ಇದೆ, ಎಲೆಕ್ಟ್ರಾನಿಕ್ ಬೋರ್ಡ್ ಇದೆ. ಕೆಲವಕ್ಕೆ ನೀರು ಹೆಪ್ಪುಗಟ್ಟದ ಹಾಗೆ ಕಾಯುವ ವ್ಯವಸ್ಥೆಯೂ ಇರುತ್ತದೆ, ಅದಕ್ಕೆ ಸದಾ ಕರೆಂಟ್ ಬೇಕು. ಕೆಲವು ಮಾದರಿಗಳಲ್ಲಿ ರಿಲೇಯ ಸಂಕೇತಕ್ಕೆ ಅಂತಲೇ ಬೇರೆ ಎರಡು ಟರ್ಮಿನಲ್ ಕೊಟ್ಟಿರುತ್ತಾರೆ. ಆಗ ಮುಖ್ಯ ಕರೆಂಟ್ ಸದಾ ಇರುತ್ತದೆ, ರಿಲೇ 'ಈಗ ಕಾಯಿಸು' ಅಂತ ಹೇಳುತ್ತದೆ ಅಷ್ಟೇ. ಅಂಥದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ನೇರ_ತಂತಿ
ಆ ಎರಡು ಟರ್ಮಿನಲ್‌ಗೆ ಒಂದು ತುಂಡು ತಂತಿ...

ಸುಟ್ಟ_ಫ್ಯೂಸ್
ಬೇಡ.